ಮರದ ನೆರಳಿಗೆ ಒಂದೆಲಗ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಮಾವು, ತೆಂಗು ಇರುವ ಹಿತ್ತಲುಗಳು ಬಹಳ. ಮರದಡಿಯಲ್ಲಿ ಏನೂ ಬೆಳೆಯದೆಂದು ನಾವು ಆ ಜಾಗವನ್ನು ಗುಡಿಸಿ ಬರಿದಾಗಿ ಬಿಡುತ್ತೇವೆ. ಹಿಂಗಾರು ಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅಂಥ ಜಾಗಕ್ಕೆ ತಕ್ಕ ಗಿಡ ಒಂದೆಲಗ. ಇಲ್ಲಿನ ಮಾರುಕಟ್ಟೆಯಲ್ಲಿ ವಲ್ಲಾರೈ ಎಂದು ಮಾರುವ ಸೊಪ್ಪು ಇದೇ.

ಇದು ಬಹುವಾರ್ಷಿಕ ಸಸ್ಯ. ಬಳ್ಳಿ ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರು ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದ ಆರಂಭದಲ್ಲಿ ಬೇರಿರುವ ತುಂಡುಗಳನ್ನು ಗೇಣಿಗೊಂದರಂತೆ ನೆಡಬೇಕು. ಮರದ ಬೇರಿಗೆ ಪೆಟ್ಟಾಗದಂತೆ ಮಣ್ಣನ್ನು ಮೇಲಷ್ಟೇ ಸಡಿಲಿಸಿ ಎಲೆಗೊಬ್ಬರ ಬೆರೆಸಿದರೆ ಸಾಕು. ಎಲೆಗಳ ನಡುವೆ ಸ್ವಲ್ಪ ಬಿಸಿಲು ಬೀಳುವ ನೆರಳು ಇದಕ್ಕೆ ಹಿತ. ಏರ್ಕಾಡು ಬೆಟ್ಟದ ತಂಪಿನಲ್ಲಿ ಬೆಳೆಸುವುದು ಸುಲಭ. ಧರ್ಮಪುರಿಯ ಬಯಲಿನಲ್ಲಾದರೆ ಬೇಸಿಗೆಯಲ್ಲಿ ಮಣ್ಣು ಒಣಗದಂತೆ ನೀರು ಹಾಕಬೇಕು.

ಈ ಸೊಪ್ಪನ್ನು ನಾವು ಚಟ್ನಿಗೂ ತಂಬುಳಿಗೂ ಹಸಿಯಾಗಿಯೇ ಅರೆಯುತ್ತೇವೆ. ಆದ್ದರಿಂದ ಎಚ್ಚರಿಕೆ ಅಗತ್ಯ. ಚರಂಡಿಯ ಅಂಚಿನಲ್ಲಿ ಸೊಂಪಾಗಿ ಬೆಳೆದದ್ದನ್ನು ಕಿತ್ತು ತರಬೇಡಿ. ಅದರೊಂದಿಗೆ ಭೇದಿಯ ರೋಗಾಣುಗಳೂ ಹುಳುವಿನ ಮೊಟ್ಟೆಗಳೂ ಮನೆಗೆ ಬರಬಹುದು. ಹೊಲಸು ಮಣ್ಣಿನ ಸೀಸವನ್ನು ಗಿಡ ತನ್ನೊಳಗೆ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಹೋಗದು. ಹಿತ್ತಲಲ್ಲೂ ಬಚ್ಚಲ ನೀರು ಹರಿಯುವಲ್ಲಿ ನೆಡಬೇಡಿ.

ನೆನಪಿನ ಶಕ್ತಿಗೆಂದು ಮಕ್ಕಳಿಗೆ ದಿನವೂ ಹಿಡಿಗಟ್ಟಲೆ ತಿನ್ನಿಸುವುದೂ ಸರಿಯಲ್ಲ. ಊಟದಲ್ಲಿ ಆಗಾಗ ಸ್ವಲ್ಪ ಇದ್ದರೆ ಸಾಕು. ಗರ್ಭಿಣಿಯರೂ ಯಕೃತ್ತಿನ ತೊಂದರೆ ಇರುವವರೂ ವೈದ್ಯರನ್ನು ಕೇಳಿಯೇ ಸೇವಿಸಲಿ.

ನಿಮ್ಮ ಹಿತ್ತಲಲ್ಲಿ ಚೆನ್ನಾಗಿ ಹರಡಿದ ಮೇಲೆ ನಾಲ್ಕು ಬೇರುತುಂಡುಗಳನ್ನು ನೆರೆಮನೆಗೂ ಕೊಡಿ. ಅವರೂ ಚರಂಡಿಯ ಸೊಪ್ಪಿಗೆ ಕೈಹಾಕುವುದು ತಪ್ಪುತ್ತದೆ.