ಬೆಂಕಿಕಡ್ಡಿಗೆ ತೆತ್ತ ಬೆಲೆ

ಅನಿಲದ ಒಲೆಗೆ ಲೈಟರು ಬಂದಿದ್ದರೂ ದೇವರ ಮನೆಯ ದೀಪಕ್ಕೂ ಹಳ್ಳಿಯ ಸೌದೆಯ ಒಲೆಗೂ ಇಂದಿಗೂ ಬೆಂಕಿಪೊಟ್ಟಣವೇ ಬೇಕು. ಕಡ್ಡಿಯನ್ನು ಗೀರಿದೊಡನೆ ಬೆಂಕಿ ಹೊತ್ತುತ್ತದೆ. ಅದರಲ್ಲಿ ವಿಚಾರ ಮಾಡತಕ್ಕದ್ದೇನೂ ನಮಗೆ ಕಾಣುವುದಿಲ್ಲ. ಆದರೆ ಅದೇ ಕಡ್ಡಿಯನ್ನು ಗೋಡೆಗೆ ಉಜ್ಜಿದರೆ ಸಾಮಾನ್ಯವಾಗಿ ಹೊತ್ತುವುದಿಲ್ಲ. ಪೊಟ್ಟಣದ ಪಕ್ಕದಲ್ಲಿರುವ ಕಂದು ಪಟ್ಟಿಗೆ ಉಜ್ಜಿದಾಗಲೇ ಉರಿಯುತ್ತದೆ. ಹೀಗೇಕೆ? ಈ ಚಿಕ್ಕ ಪ್ರಶ್ನೆಯ ಉತ್ತರದಲ್ಲಿ ಹಲವು ದೇಶಗಳ ವಿಜ್ಞಾನಿಗಳ ಬುದ್ಧಿಶಕ್ತಿಯೂ ಬಡ ಕೆಲಸಗಾರರ ಸಂಕಟವೂ ಒಟ್ಟಿಗೆ ಅಡಗಿವೆ.

ಕಡ್ಡಿ ಬರುವುದಕ್ಕೆ ಮೊದಲು ಬೆಂಕಿಯನ್ನು ಹೊತ್ತಿಸುವುದೇ ಒಂದು ಕೆಲಸವಾಗಿತ್ತು. ಚಕಮಕಿ ಕಲ್ಲಿಗೆ ಉಕ್ಕನ್ನು ಬಡಿದು ಕಿಡಿ ಎಬ್ಬಿಸಬೇಕು. ಇಲ್ಲವೇ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಕಾಪಾಡಬೇಕು. ಈ ತೊಡಕನ್ನು ನೀಗಿಸಿದವನು ಇಂಗ್ಲೆಂಡಿನ ಸ್ಟಾಕ್‌ಟನ್ ಎಂಬ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್. ಪೊಟ್ಯಾಸಿಯಂ ಕ್ಲೋರೇಟು, ಆಂಟಿಮೊನಿ ಸಲ್ಫೈಡುಗಳನ್ನು ಅಂಟಿನಲ್ಲಿ ಕಲಸಿ ಆತನು ಕಡ್ಡಿಯ ತುದಿಗೆ ಬಳಿದನು. ಅದನ್ನು ಮಡಿಸಿದ ಮರಳುಕಾಗದದ ನಡುವೆ ಇಟ್ಟು ಎಳೆದರೆ ಹೊತ್ತುತ್ತಿತ್ತು. 1827ನೆಯ ಏಪ್ರಿಲ್ 7ರಂದು ಇಂಥ ಕಡ್ಡಿಗಳನ್ನು ಮಾರಿದುದು ಆತನ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ. ಆತನು ಪೇಟೆಂಟನ್ನು ಪಡೆಯಲಿಲ್ಲ. ಬೇರೆಯವರು ಅದೇ ಕಡ್ಡಿಯನ್ನು ತಯಾರಿಸಿ ಮಾರಿ ಹಣ ಗಳಿಸಿದರು.

ವಾಕರನ ಕಡ್ಡಿ ಸುಲಭವಾಗಿ ಹೊತ್ತುತ್ತಿರಲಿಲ್ಲ. 1830ರ ದಶಕದ ಆರಂಭದಲ್ಲಿ ಫ್ರಾನ್ಸಿನ ಷಾರ್ಲ್ ಸೋರಿಯಾ ಆಂಟಿಮೊನಿಗೆ ಬದಲಾಗಿ ಬಿಳಿ ರಂಜಕವನ್ನು ಸೇರಿಸಿದನು. ಬಿಳಿ ರಂಜಕವು ಗಾಳಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಹೊತ್ತಿಕೊಳ್ಳುವ ವಸ್ತು. ಆದುದರಿಂದಲೇ ಅದನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಈ ಹೊಸ ಕಡ್ಡಿಯನ್ನು ಗೋಡೆ, ಕಲ್ಲು, ಪಾದರಕ್ಷೆಯ ಅಟ್ಟೆ ಎಲ್ಲಿ ಗೀರಿದರೂ ಉರಿಯುತ್ತಿತ್ತು. ಕೊಳ್ಳುವವರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಬೇಕೇ?

ಆದರೆ ಅದನ್ನು ತಯಾರಿಸುವವರ ಪಾಡು ಬೇರೆಯಾಗಿತ್ತು. ಬಿಳಿ ರಂಜಕವು ಘೋರ ವಿಷ. ಕಾರ್ಖಾನೆಗಳಲ್ಲಿ ಅದರ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಮೊದಲು ಹಲ್ಲುನೋವು ಬರುತ್ತಿತ್ತು, ಒಸಡು ಕೀವಾಗುತ್ತಿತ್ತು, ಕೊನೆಗೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಜೀವ ಉಳಿಸಲು ಕೆಲವೊಮ್ಮೆ ದವಡೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತಿತ್ತು. 1845ರಲ್ಲಿಯೇ ವಿಯೆನ್ನಾದ ವೈದ್ಯ ಲೋರಿನ್ಸರ್ ಈ ರೋಗವನ್ನು ವಿವರಿಸಿದ್ದನು.

ಸೋಜಿಗವೆಂದರೆ, ಪರಿಹಾರದ ದಾರಿಯೂ ಆಗಲೇ ಗೋಚರಿಸಿತ್ತು. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಸುರಕ್ಷಿತ ಕಡ್ಡಿಗೆ ಪೇಟೆಂಟನ್ನು ಪಡೆದನು. ರಂಜಕವನ್ನು ಕಡ್ಡಿಯ ತಲೆಯಿಂದ ತೆಗೆದು ಉಜ್ಜುವ ಪಟ್ಟಿಯ ಮೇಲಿಡುವುದೇ ಆತನ ಉಪಾಯ. ಅಲ್ಲಿ ಬಳಸಬೇಕಾದುದು ಕೆಂಪು ರಂಜಕ. ಇದೂ ರಂಜಕವೇ, ಬಿಳಿಯದನ್ನು ಗಾಳಿ ತಾಗದಂತೆ ಕಾಯಿಸಿದರೆ ದೊರೆಯುತ್ತದೆ. ಆದರೆ ಇದು ವಿಷಮಯವಲ್ಲ. 240 ಡಿಗ್ರಿಗೂ ಮೇಲೆ ಕಾಯದ ಹೊರತು ತಾನಾಗಿ ಹೊತ್ತುವುದೂ ಇಲ್ಲ. ಮುಂದೆ ಯೋನ್‌ಷೋಪಿಂಗ್ ಪಟ್ಟಣದ ಲುಂಡ್‌ಸ್ಟ್ರೋಮ್ ಸೋದರರು ಇಂಥ ಕಡ್ಡಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವುಗಳಿಗೆ ಪದಕವೂ ದೊರೆಯಿತು.

ಇದೇ ಇಂದು ನಾವು ಬಳಸುವ ಕಡ್ಡಿ. ಪಟ್ಟಿಯಲ್ಲಿ ಕೆಂಪು ರಂಜಕವೂ ಗಾಜಿನ ಪುಡಿಯೂ ಇರುತ್ತವೆ. ಉಜ್ಜಿದಾಗ ಹುಟ್ಟುವ ಶಾಖದಿಂದ ಕೆಂಪು ರಂಜಕದ ಒಂದು ಕಣ ಬಿಳಿಯದಾಗಿ ಮಾರ್ಪಟ್ಟು ಹೊತ್ತುತ್ತದೆ. ತಲೆಯಲ್ಲಿರುವ ಕ್ಲೋರೇಟು ಆಮ್ಲಜನಕವನ್ನು ಒದಗಿಸುತ್ತದೆ, ಗಂಧಕವು ಉರಿಯುತ್ತದೆ, ಕಡ್ಡಿಗೆ ಹೀರಿಸಿದ ಮೇಣವು ಜ್ವಾಲೆಯನ್ನು ಮರಕ್ಕೆ ಮುಟ್ಟಿಸುತ್ತದೆ. ಗೋಡೆಯಲ್ಲಿ ರಂಜಕವಿಲ್ಲ, ಆದುದರಿಂದ ಅಲ್ಲಿ ಕಡ್ಡಿ ಹೊತ್ತುವುದಿಲ್ಲ.

ಹೀಗೆ ಸುರಕ್ಷಿತ ಕಡ್ಡಿ ಕೈಗೆ ಬಂದ ಮೇಲೆ ವಿಷದ ಕಡ್ಡಿ ತಾನಾಗಿ ಮಾಯವಾಯಿತೇ? ಇಲ್ಲ. ಕೆಂಪು ರಂಜಕಕ್ಕೆ ಬೆಲೆ ಹೆಚ್ಚು. ಎಲ್ಲಿಯಾದರೂ ಗೀರಬಹುದಾದ ಅಗ್ಗದ ಕಡ್ಡಿಯೇ ಜನರಿಗೆ ಪ್ರಿಯ. ಲಂಡನ್ನಿನ ಬ್ರಯಂಟ್ ಅಂಡ್ ಮೇ ಸಂಸ್ಥೆ ಲುಂಡ್‌ಸ್ಟ್ರೋಮರಿಂದ ಹಕ್ಕನ್ನು ಪಡೆದಿದ್ದರೂ ಬಿಳಿ ರಂಜಕದ ಕಡ್ಡಿಗಳನ್ನೂ ತಯಾರಿಸುತ್ತಿತ್ತು. 1888ರ ಜುಲೈಯಲ್ಲಿ ಅಲ್ಲಿಯ ಸುಮಾರು 1400 ಮಂದಿ ಹೆಂಗಸರೂ ಹುಡುಗಿಯರೂ ಮುಷ್ಕರ ಹೂಡಿದರು. ಅವರ ಕಷ್ಟವನ್ನು ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದವರು, ಮುಂದೆ ನಮ್ಮ ದೇಶಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಆನಿ ಬೆಸಂಟರು. ದಂಡ ವಿಧಿಸುವ ಪದ್ಧತಿ ನಿಂತಿತು. ವಿಷದ ಹಬೆಯಿಂದ ದೂರ ಕುಳಿತು ಊಟ ಮಾಡಲು ಬೇರೆ ಕೋಣೆ ಕೊಡಲು ಸಂಸ್ಥೆ ಒಪ್ಪಿತು. ಆದರೆ ಬಿಳಿ ರಂಜಕದ ಬಳಕೆಯನ್ನು ಅದು ಕೈಬಿಟ್ಟುದು 1901ರಲ್ಲಿ.

ಅಷ್ಟರಲ್ಲಿ, 1898ರಲ್ಲಿ, ಫ್ರಾನ್ಸಿನ ಸೆವೆನ್ ಮತ್ತು ಕಾಹೆನ್ ಎಂಬವರು ರಂಜಕ ಮತ್ತು ಗಂಧಕಗಳ ಸಂಯುಕ್ತವೊಂದರಿಂದ, ಎಲ್ಲಿ ಗೀರಿದರೂ ಹೊತ್ತುವ ನಿರಪಾಯಕರ ಕಡ್ಡಿಯನ್ನು ರೂಪಿಸಿದರು. ವಿಷದ ಕಡ್ಡಿಯ ಪರವಾಗಿ ಹೇಳಲು ಇನ್ನು ಯಾವ ನೆಪವೂ ಉಳಿಯಲಿಲ್ಲ. ಫಿನ್‌ಲೆಂಡು 1872ರಲ್ಲಿಯೂ ಡೆನ್ಮಾರ್ಕು 1874ರಲ್ಲಿಯೂ ಅದನ್ನು ನಿಷೇಧಿಸಿದ್ದುವು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. 1908ರಲ್ಲಿ ಬ್ರಿಟನ್ನಿನಲ್ಲಿಯೂ 1913ರಲ್ಲಿ ಭಾರತದಲ್ಲಿಯೂ ನಿಷೇಧದ ಕಾನೂನು ಬಂದಿತು.

ಪಾಶನ ಪೇಟೆಂಟಿನಿಂದ ಬರ್ನ್ ಒಪ್ಪಂದದವರೆಗೆ 62 ವರ್ಷಗಳು. ಈ ಅವಧಿಯಲ್ಲಿ ಕೊರತೆಯಾಗಿದ್ದುದು ತಿಳಿವಳಿಕೆಯಲ್ಲ. ತಿಳಿದುದನ್ನು ಆಚರಣೆಗೆ ತರುವ ಮನಸ್ಸು. ಕೊಳ್ಳುವವನಿಗೆ ಸುಖವನ್ನು ಕೊಟ್ಟ ಮಾತ್ರಕ್ಕೆ ಒಂದು ಶೋಧನೆ ಪೂರ್ಣವಾಗುವುದಿಲ್ಲ. ಅದನ್ನು ತಯಾರಿಸುವ ಕೈಗಳಿಗೂ ಅದು ಕ್ಷೇಮಕರವಾಗಿರಬೇಕು. ಬೆಂಕಿಪೊಟ್ಟಣದ ಪಕ್ಕದ ಆ ಕಂದು ಪಟ್ಟಿ ನಮಗೆ ಪ್ರತಿದಿನವೂ ಹೇಳುವ ಪಾಠ ಇದೇ.