ಕ್ರೈಸ್ತ ಮನೆವಾರ್ತೆ

ಕ್ರೈಸ್ತ ಮನೆವಾರ್ತೆ ಎಂದರೆ ಕುಟುಂಬದ ಆದಾಯ, ವೆಚ್ಚ, ಉಳಿತಾಯ, ಸಾಲ ಮತ್ತು ದಾನಗಳನ್ನು ಕ್ರೈಸ್ತ ನಂಬಿಕೆಗೆ ಅನುಗುಣವಾಗಿ ನಿರ್ವಹಿಸುವ ಪದ್ಧತಿ. ಕೈಗೆ ಬಂದ ಸಂಪತ್ತು ದೇವರದು, ಮನುಷ್ಯನು ಅದರ ಉಸ್ತುವಾರಿ ಮಾತ್ರ ಎಂಬ ನಂಬಿಕೆ ಇದರ ತಳಹದಿಯಾಗಿದೆ. ಸಾಮಾನ್ಯ ಆಯವ್ಯಯ ಪಟ್ಟಿಯಲ್ಲಿ ದಾನವು ಎಲ್ಲ ಖರ್ಚು ಕಳೆದು ಉಳಿದುದರಿಂದ ಹೊರಡುತ್ತದೆ. ಈ ಪದ್ಧತಿಯಲ್ಲಿ ಅದು ಪಟ್ಟಿಯ ಮೊದಲ ಸಾಲಿಗೆ ಬರುತ್ತದೆ. ಸಾಲದ ಕಂತು ಕಟ್ಟುತ್ತಿರುವ ಕೂಲಿ ಕಾರ್ಮಿಕ ಕುಟುಂಬಗಳಲ್ಲಿ ಈ ಕ್ರಮವನ್ನು ಹೇಗೆ ಪಾಲಿಸಬೇಕು ಎಂಬುದು ಸಭೆಗಳೊಳಗೆ ಇಂದಿಗೂ ಚರ್ಚೆಯ ವಿಷಯವಾಗಿದೆ.

ಪದ ಮತ್ತು ಪರಿಕಲ್ಪನೆ

ಮನೆವಾರ್ತೆ ಎಂಬ ಕನ್ನಡ ಪದಕ್ಕೆ ಮನೆಯ ವ್ಯವಹಾರ, ಮೇಲ್ವಿಚಾರಣೆ ಎಂಬ ಅರ್ಥಗಳಿವೆ. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವನಿಗೆ ‘ಒಯ್ಕೊನೊಮೊಸ್’ ಎಂಬ ಹೆಸರಿದೆ. ಅರ್ಥಶಾಸ್ತ್ರಕ್ಕೆ ಐರೋಪ್ಯ ಭಾಷೆಗಳಲ್ಲಿರುವ ಹೆಸರೂ ಇದೇ ಪದಮೂಲದಿಂದ ಬಂದುದು. ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಸಾಮ್ಯದಲ್ಲಿ ಇಂಥ ಒಬ್ಬ ಮೇಲ್ವಿಚಾರಕನನ್ನು ಕರೆದು ಲೆಕ್ಕ ಒಪ್ಪಿಸುವಂತೆ ಹೇಳಲಾಗುತ್ತದೆ. ಲೆಕ್ಕ ಬರೆದಿಡುವುದು ಭಕ್ತಿಗೆ ಹೊರತಾದ ಕೆಲಸವಲ್ಲ ಎಂಬ ವಾದಕ್ಕೆ ಬೋಧಕರು ಮುಖ್ಯವಾಗಿ ಆಧಾರವಾಗಿಟ್ಟುಕೊಳ್ಳುವುದು ಈ ಭಾಗವನ್ನು ಮತ್ತು ಅದೇ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕಾದ ಪ್ರಸಂಗವನ್ನು.

ದಶಮಾಂಶ

ಆದಾಯದ ಹತ್ತನೆಯ ಒಂದು ಪಾಲನ್ನು ದೇವರಿಗೆ ಮೀಸಲಿಡುವುದಕ್ಕೆ ದಶಮಾಂಶ ಎನ್ನುತ್ತಾರೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 27ನೆಯ ಅಧ್ಯಾಯ ಮತ್ತು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಇದರ ವಿಧಿಗಳಿವೆ. ಆ ಕಾಲದ ದಶಮಾಂಶವು ಹಣವಲ್ಲ. ದವಸ, ದ್ರಾಕ್ಷಾರಸ, ಎಣ್ಣೆ ಮತ್ತು ಜಾನುವಾರು. ಧರ್ಮೋಪದೇಶಕಾಂಡದ ವಿಧಿಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಎರಡು ಅಂಶಗಳಿವೆ. ಮೊದಲನೆಯದು, ಕುಟುಂಬವು ಆ ಪಾಲನ್ನು ಆರಾಧನಾ ಸ್ಥಳಕ್ಕೆ ಒಯ್ದು ಅಲ್ಲಿ ತಾನೂ ಊಟಮಾಡಿ ಸಂತೋಷಪಡಬೇಕಿತ್ತು. ಎರಡನೆಯದು, ಪ್ರತಿ ಮೂರನೆಯ ವರ್ಷ ಅದನ್ನು ಊರಿನಲ್ಲಿಯೇ ಕೂಡಿಟ್ಟು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ ಹಾಗೂ ವಿಧವೆಯರಿಗೆ ಬಿಡಬೇಕಿತ್ತು. ಅಂದರೆ ಪಾಲು ಕೊಡುವವರು ಮಾತ್ರವಲ್ಲದೆ ಪಾಲು ಪಡೆಯುವ ಬಡವರೂ ಈ ವ್ಯವಸ್ಥೆಯ ಭಾಗವಾಗಿದ್ದರು.

ಹೊಸ ಒಡಂಬಡಿಕೆಯಲ್ಲಿ ಪ್ರಮಾಣಕ್ಕಿಂತ ಮನೋಭಾವಕ್ಕೆ ಒತ್ತು ಹೆಚ್ಚು. ಸೊಪ್ಪುಸದೆಗಳಲ್ಲಿಯೂ ಹತ್ತನೆಯ ಪಾಲನ್ನು ತಪ್ಪದೆ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರನ್ನು ಯೇಸು ಖಂಡಿಸುವ ಪ್ರಸಂಗ ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯ ಅಧ್ಯಾಯದಲ್ಲಿ, ಯೆರೂಸಲೇಮಿನ ನೆರವಿಗಾಗಿ ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ಸ್ವಲ್ಪ ಸ್ವಲ್ಪ ತೆಗೆದಿಡಬೇಕೆಂದು ಸೂಚಿಸುತ್ತಾನೆ. ಅಲ್ಲಿ ಹತ್ತನೆಯ ಪಾಲಿನ ಮಾತಿಲ್ಲ. ಈ ಕಾರಣದಿಂದ ಸಭೆಗಳ ರೂಢಿಗಳು ಭಿನ್ನವಾಗಿವೆ. ಕಥೋಲಿಕ ಧರ್ಮಸಭೆಯು ವಿಶ್ವಾಸಿಗಳು ಶಕ್ತ್ಯನುಸಾರ ನೆರವಾಗಬೇಕೆಂದು ವಿಧಿಸುತ್ತದೆಯೇ ಹೊರತು ಶೇಕಡಾವಾರು ಪ್ರಮಾಣವನ್ನು ನಿಗದಿಪಡಿಸಿಲ್ಲ. ದಕ್ಷಿಣ ಭಾರತ ಸಭೆಯಲ್ಲಿ ಚಂದಾ, ಭಾನುವಾರದ ಕಾಣಿಕೆ, ಕೃತಜ್ಞತಾ ಕಾಣಿಕೆಗಳ ರೂಢಿ ಇದೆ. ದಶಮಾಂಶವನ್ನು ಕರ್ತವ್ಯವೆಂದು ಒತ್ತಿ ಬೋಧಿಸುವುದು ಹೆಚ್ಚಾಗಿ ಪೆಂತೆಕೋಸ್ತ್ ಹಾಗೂ ಸ್ವತಂತ್ರ ಸಭೆಗಳಲ್ಲಿ.

ಶರಣರ ಕಾಯಕ ಮತ್ತು ದಾಸೋಹದ ತತ್ತ್ವದೊಡನೆ ಇದನ್ನು ಹೋಲಿಸುವುದು ಕನ್ನಡ ಓದುಗರಿಗೆ ಸಹಜವಾದರೂ, ದಾಸೋಹಕ್ಕೆ ಇಷ್ಟೇ ಎಂಬ ಅಳತೆಯಿಲ್ಲ ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಕರ್ನಾಟಕದಲ್ಲಿ

1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ ಎದುರಿಸಿದ ಮೊದಲ ಕಷ್ಟಗಳಲ್ಲಿ ಹೊಸದಾಗಿ ಸಭೆ ಸೇರಿದವರ ಹೊಟ್ಟೆಪಾಡೂ ಒಂದು. ಕರಾವಳಿಯಲ್ಲಿ ಸಭೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಅವರು ಕುಟುಂಬದ ಆಸರೆಯಿಂದ ಹೊರಬೀಳುತ್ತಿದ್ದರು. ಕಳ್ಳು ಇಳಿಸುವ ಕಸುಬನ್ನು ಸಭೆ ಒಪ್ಪುತ್ತಿರಲಿಲ್ಲ. ಮತಾಂತರದಿಂದ ಆಸ್ತಿಯ ಹಕ್ಕು ಹೋಗದಂತೆ ತಡೆಯುವ ಕಾನೂನು 1850ರಲ್ಲಿ ಬಂದರೂ ಮನೆಯ ಬಾಗಿಲು ತೆರೆಸುವ ಶಕ್ತಿ ಅದಕ್ಕಿರಲಿಲ್ಲ. ಮಿಷನ್ ಮುದ್ರಣಾಲಯ, ನೇಯ್ಗೆ ಶಾಲೆಗಳನ್ನು ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಗೇಣಿ ಹಾಗೂ ಸುಗ್ಗಿಯ ಲೆಕ್ಕದಲ್ಲಿ ಬದುಕಿದ್ದ ಕುಟುಂಬಗಳು ಕೂಲಿಯ ಲೆಕ್ಕಕ್ಕೆ ಹೊರಳಿದ ಘಟ್ಟವಿದು. ಸುಗ್ಗಿಯ ಲೆಕ್ಕದಲ್ಲಿ ಮೊದಲ ಪಾಲು ಕಣ್ಣಿಗೆ ಕಾಣುವ ತೆನೆ. ಕೂಲಿಯ ಲೆಕ್ಕದಲ್ಲಿ ಅದು ಬೇರೆ ನಾಣ್ಯಗಳೊಡನೆ ಬೆರೆತುಹೋಗುವ ನಾಣ್ಯ.

ಹಳೆಯ ರೂಢಿಯ ಕುರುಹುಗಳು ಉಳಿದಿವೆ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಸದಸ್ಯರು ತಂದ ಕಾಯಿಪಲ್ಲೆ, ಹಣ್ಣು, ಕೋಳಿ, ತಿಂಡಿಗಳನ್ನು ಆರಾಧನೆಯ ಬಳಿಕ ಹರಾಜು ಹಾಕುತ್ತಾರೆ. ಇವಲ್ಲದೆ ಸಹಕಾರದ ದಾರಿಯೂ ಇತ್ತು: ಮಂಗಳೂರು ಕ್ಯಾಥೊಲಿಕ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪನೆಯಾದದ್ದು 1912ರಲ್ಲಿ, ಗದಗ ಪ್ರದೇಶದ ಕಣಗಿನಹಾಳದಲ್ಲಿ ಸಹಕಾರ ಸಂಘ ಆರಂಭವಾದ ಏಳು ವರ್ಷಗಳ ನಂತರ.

ಮೈಸೂರು ಸಂಸ್ಥಾನದಲ್ಲಿ ಕೆಲಸಮಾಡಿದ ವೆಸ್ಲಿಯನ್ ಮಿಷನ್ ಬೇರೊಂದು ಪರಂಪರೆಯನ್ನು ತಂದಿತು. ಅದರ ಮೂಲಪುರುಷ ಜಾನ್ ವೆಸ್ಲಿ 1760ರಲ್ಲಿ ಪ್ರಕಟಿಸಿದ ಹಣದ ಬಳಕೆ ಕುರಿತ ಪ್ರಬೋಧನೆಯಲ್ಲಿ, ನ್ಯಾಯವಾಗಿ ಸಂಪಾದಿಸುವುದು, ದುಂದು ಮಾಡದೆ ಉಳಿಸುವುದು, ಉಳಿದದ್ದನ್ನು ಕೊಡುವುದು ಎಂಬ ಮೂರನ್ನು ಬಿಡಿಸಲಾಗದಂತೆ ಜೋಡಿಸಿದ್ದಾನೆ. ಅವನು ವಿವರಿಸುವ ಒಂದು ನಿದರ್ಶನದಲ್ಲಿ ವರ್ಷಕ್ಕೆ 30 ಪೌಂಡು ಬರುತ್ತಿದ್ದಾಗ 28ರಲ್ಲಿ ಬದುಕಿದವನು, ಆದಾಯ 60ಕ್ಕೆ ಏರಿದಾಗಲೂ 28ರಲ್ಲೇ ಬದುಕಿ 32ನ್ನು ಕೊಟ್ಟ. ಆ ವ್ಯಕ್ತಿ ವೆಸ್ಲಿಯೇ ಎಂದು ತಿಳಿಯಲಾಗಿದೆ. ಇಲ್ಲಿ ಸ್ಥಿರವಾಗಿರುವುದು ದಾನದ ಪ್ರಮಾಣವಲ್ಲ, ಜೀವನದ ವೆಚ್ಚ. ಹೀಗಾಗಿ ಸಿರಿವಂತನ ಪಾಲು ಹತ್ತನೆಯ ಒಂದಕ್ಕಿಂತ ಬಹಳ ಮೇಲೇರುತ್ತದೆ. ದಶಮಾಂಶದ ಬೋಧನೆಗಳಲ್ಲಿ ಈ ಅಂಶ ವಿರಳವಾಗಿ ಕೇಳಿಬರುವುದು ಕುತೂಹಲಕರ.

ತಿಂಗಳ ಲೆಕ್ಕ

ಇಂದಿನ ಕೂಲಿ ಕುಟುಂಬದ ಲೆಕ್ಕಕ್ಕೆ ಬೆಂಗಳೂರಿನ ಪಶ್ಚಿಮ ಭಾಗದ ಸುಂಕದಕಟ್ಟೆಯಂಥ ಬಡಾವಣೆ ತಕ್ಕ ಉದಾಹರಣೆ. ಮಾಗಡಿ ರಸ್ತೆಯಲ್ಲಿರುವ ಈ ಊರಿನ ಸುತ್ತ ಹೆಗ್ಗನಹಳ್ಳಿ, ಪೀಣ್ಯಗಳ ಕಾರ್ಖಾನೆಗಳೂ ಸಿದ್ಧ ಉಡುಪು ಘಟಕಗಳೂ ಇವೆ. (ಮತ್ತಾಯನು ಶಿಷ್ಯನಾಗಲು ಎದ್ದುಬಂದದ್ದೂ ಒಂದು ಸುಂಕದ ಕಟ್ಟೆಯಿಂದಲೇ.) ಸಂಬಳ ತಿಂಗಳಿಗೊಮ್ಮೆ ಬಂದರೂ ವೆಚ್ಚ ಹಾಗೆ ಬರುವುದಿಲ್ಲ. ಮೇ, ಜೂನ್‌ನಲ್ಲಿ ಶಾಲಾ ಶುಲ್ಕ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಬಟ್ಟೆ ಹಾಗೂ ಊರಿಗೆ ಹೋಗಿಬರುವ ಖರ್ಚು, ಮನೆ ಬದಲಿಸಿದರೆ ಹೊಸ ಮುಂಗಡ. ವರ್ಷದ ಇಂಥ ಖರ್ಚನ್ನು ಕೂಡಿ 12ರಿಂದ ಭಾಗಿಸಿ ಪ್ರತಿ ತಿಂಗಳೂ ತೆಗೆದಿಡುವುದು ಮನೆವಾರ್ತೆಯ ಮೊದಲ ಪಾಠ. ಸುಗ್ಗಿಯಲ್ಲಿ ಆಹಾರ ಕೂಡಿಡುವ ಇರುವೆಯ ದೃಷ್ಟಾಂತವನ್ನು ಜ್ಞಾನೋಕ್ತಿಗಳ 6ನೆಯ ಅಧ್ಯಾಯದಿಂದ ಇದಕ್ಕೆ ಕೊಡುವುದುಂಟು.

ದಶಮಾಂಶವನ್ನು ಒಟ್ಟು ವೇತನದ ಮೇಲೆ ಎಣಿಸಬೇಕೇ, ಕೈಗೆ ಬಂದದ್ದರ ಮೇಲೆ ಎಣಿಸಬೇಕೇ ಎಂಬುದು ಹಳೆಯ ಪ್ರಶ್ನೆ. ಉದಾಹರಣೆಗೆ ಒಟ್ಟು ವೇತನ 18,000 ರೂಪಾಯಿ, ಮೂಲವೇತನ 12,000 ರೂಪಾಯಿ ಎಂದಿಟ್ಟುಕೊಂಡರೆ, ಭವಿಷ್ಯ ನಿಧಿಗೆ ಶೇ. 12ರಂತೆ 1,440, ಇಎಸ್‌ಐಗೆ ಒಟ್ಟು ವೇತನದ ಶೇ. 0.75ರಂತೆ 135 ರೂಪಾಯಿ ಕಡಿತವಾಗಿ 16,425 ಕೈಗೆ ಸೇರುತ್ತದೆ. ಮೊದಲ ರೀತಿಯಲ್ಲಿ ದಶಮಾಂಶ 1,800. ಎರಡನೆಯ ರೀತಿಯಲ್ಲಿ 1,642 ರೂಪಾಯಿ 50 ಪೈಸೆ. ಭವಿಷ್ಯ ನಿಧಿ ಕಾರ್ಮಿಕನದೇ ಹಣವಾದ್ದರಿಂದ ಈಗ ಕಡಿತದ ಮೊತ್ತವನ್ನು ಬಿಟ್ಟವರು ಮುಂದೆ ಅದು ಕೈಸೇರಿದಾಗ ಕೊಡುವುದೂ ಉಂಟು.

ಬೆಂಗಳೂರಿನಲ್ಲಿ ಭೋಗ್ಯದ ಪದ್ಧತಿ ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಮನೆ ಮಾಲೀಕನಿಗೆ ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಅಸಲನ್ನು ಹಿಂಪಡೆಯುವ ವ್ಯವಸ್ಥೆ ಇದು. ಸ್ವಂತ ಉಳಿತಾಯದಿಂದ ಹಾಕಿದ ಹಣವಾದರೆ ಬಾಡಿಗೆ ಉಳಿಯುತ್ತದೆ. ಬಡ್ಡಿಗೆ ತಂದು ಹಾಕಿದರೆ ಬಾಡಿಗೆಯ ಜಾಗದಲ್ಲಿ ಬಡ್ಡಿ ಬಂದು ಕೂರುತ್ತದೆ. ಮಾಲೀಕನೇ ಹಣ ಹಿಂತಿರುಗಿಸಲಾಗದೆ ಹೋದರೆ ಅಸಲಿಗೂ ಸಂಚಕಾರ.

ಸಾಲ ಮತ್ತು ಮೊದಲ ಪಾಲು

ಸಾಲಗಾರನು ಸಾಲ ಕೊಟ್ಟವನಿಗೆ ಅಡಿಯಾಳಾಗುತ್ತಾನೆಂಬ ಎಚ್ಚರಿಕೆ ಜ್ಞಾನೋಕ್ತಿಗಳ 22ನೆಯ ಅಧ್ಯಾಯದಲ್ಲಿದೆ. ಆದರೆ ಬೈಬಲ್ ಸಾಲಿಗನನ್ನು ಮಾತ್ರ ತಿದ್ದುವುದಿಲ್ಲ. ವಿಮೋಚನಕಾಂಡದ 22ನೆಯ ಅಧ್ಯಾಯವು ಬಡವನಿಂದ ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸುತ್ತದೆ. ನೆಹೆಮೀಯನ ಗ್ರಂಥದ 5ನೆಯ ಅಧ್ಯಾಯದಲ್ಲಿ ಹೊಲಮನೆಗಳನ್ನು ಅಡವಿಟ್ಟವರ ಗೋಳನ್ನು ಕೇಳಿದ ಅಧಿಪತಿಯು ಬಡ್ಡಿ ಪಡೆದವರನ್ನೇ ಸಭೆಯ ಮುಂದೆ ನಿಲ್ಲಿಸುತ್ತಾನೆ. ಕರ್ನಾಟಕದಲ್ಲಿ ಮಿತಿಮೀರಿದ ಬಡ್ಡಿಯ ವಿರುದ್ಧ 2004ರಲ್ಲಿ ಕಾಯ್ದೆ ಜಾರಿಯಾಯಿತು. ಕಿರುಸಾಲ ವಸೂಲಿಯಲ್ಲಿನ ಬಲವಂತವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿತು.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳ ಪ್ರಕಾರ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಆಧಾರವಿಲ್ಲದೆ ಕೊಡುವ ಸಾಲ ಕಿರುಸಾಲವೆನಿಸುತ್ತದೆ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. 25,000 ರೂಪಾಯಿ ಆದಾಯದ ಕುಟುಂಬದಲ್ಲಿ ಈ ಮಿತಿಯೊಳಗೇ 12,500 ಕಂತಿಗೆ ಹೋಗಬಹುದು. 2,500 ದಶಮಾಂಶವಾದರೆ ಬಾಡಿಗೆ, ಅಡುಗೆ ಅನಿಲ, ದಿನಸಿ, ಶಾಲೆ, ಔಷಧಿ ಎಲ್ಲಕ್ಕೂ 10,000 ಉಳಿಯುತ್ತದೆ. ಕೊರತೆ ಬಿದ್ದಾಗ ಮತ್ತೊಂದು ಗುಂಪು ಸಾಲ ಇಲ್ಲವೇ ಮೀಟರ್ ಬಡ್ಡಿಯ ಕೈಸಾಲ. ಹೀಗೆ ಸಾಲ ತಂದ ಹಣವೇ ಕಾಣಿಕೆಯ ಲಕೋಟೆ ಸೇರುವ ಸ್ಥಿತಿ ಬರುತ್ತದೆ.

ಇದಕ್ಕೆ ಬೋಧಕರ ಉತ್ತರಗಳು ಎರಡು ಬಗೆಯವು. ಮಲಾಕಿಯನ ಗ್ರಂಥದ 3ನೆಯ ಅಧ್ಯಾಯವನ್ನು ಮುಂದಿಟ್ಟು, ಮೊದಲ ಪಾಲನ್ನು ಕೊಟ್ಟರೆ ಕೊರತೆ ತಾನಾಗಿ ನೀಗುವುದೆಂದು ಹೇಳುವವರಿದ್ದಾರೆ. ಆ ಭಾಗವು ದೇವಾಲಯದ ಭಂಡಾರಕ್ಕೆ ಸಂಬಂಧಿಸಿದ್ದು, ವ್ಯಕ್ತಿಗತ ಲಾಭದ ಕರಾರಲ್ಲ ಎಂಬುದು ವಿರೋಧಿಗಳ ವಾದ. ಇವರ ಪಕ್ಷಕ್ಕೆ ಬಲವಾದ ಆಧಾರಗಳಿವೆ. ದಾನವು ಒಬ್ಬನಲ್ಲಿ ಇರುವುದಕ್ಕೆ ಅನುಸಾರವಾಗಿ ಮೆಚ್ಚಿಕೆಯಾಗುತ್ತದೆಯೇ ಹೊರತು ಇಲ್ಲದಿರುವುದಕ್ಕೆ ಅನುಸಾರವಾಗಿ ಅಲ್ಲ ಎಂಬ ಅರ್ಥದ ಮಾತು 2 ಕೊರಿಂಥ 8ರಲ್ಲಿದೆ. ಸ್ವಂತ ಮನೆಯವರನ್ನು ಸಾಕದವನು ನಂಬಿಕೆಯನ್ನೇ ತೊರೆದವನೆಂದು 1 ತಿಮೊಥೆಯ 5 ಹೇಳುತ್ತದೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು, ದೇವರಿಗೆ ಮೀಸಲು ಎಂಬ ನೆಪದಲ್ಲಿ ತಂದೆತಾಯಿಗೆ ಸಲ್ಲಬೇಕಾದುದನ್ನು ತಪ್ಪಿಸುವ ‘ಕೊರ್ಬಾನ್’ ರೂಢಿಯನ್ನು ನೇರವಾಗಿ ತಿರಸ್ಕರಿಸುತ್ತಾನೆ.

ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗವನ್ನು ಇವೆರಡೂ ಪಕ್ಷಗಳು ಬಳಸಿಕೊಳ್ಳುತ್ತವೆ. ಇರುವುದೆಲ್ಲವನ್ನೂ ಕೊಟ್ಟ ಭಕ್ತಿಯ ಮಾದರಿ ಎಂಬುದು ರೂಢಿಯ ಓದು. ಆದರೆ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಇದರ ಹಿಂದಿನ ವಾಕ್ಯವೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಖಂಡನೆ ಎಂಬುದನ್ನು ಕೆಲವು ವಿದ್ವಾಂಸರು ಗುರುತಿಸಿ, ಅವಳ ಕಾಣಿಕೆಯನ್ನು ಹೊಗಳಿಕೆಯ ಜೊತೆಗೆ ದೇವಾಲಯದ ಮೇಲಿನ ದೂರಾಗಿಯೂ ಓದಿದ್ದಾರೆ.

ಸಾಲದಲ್ಲಿರುವ ಕುಟುಂಬಗಳಿಗೆ ಮಧ್ಯಮ ಮಾರ್ಗಗಳೂ ಬಳಕೆಯಲ್ಲಿವೆ: ಕಂತು ತೀರುವವರೆಗೆ ಹತ್ತನೆಯ ಒಂದರ ಬದಲು ಸಣ್ಣ ನಿಗದಿತ ಮೊತ್ತ, ಹಣಕ್ಕೆ ಬದಲಾಗಿ ಸಭೆಯ ಕೆಲಸ, ಓವರ್‌ಟೈಮ್ ಹಾಗೂ ಬೋನಸ್ ಬಂದಾಗ ಮಾತ್ರ ದಶಮಾಂಶ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ನಡೆದುಬಂದಿರುವ ‘ಬುಹ್‌ಫಾಯ್ ಥಾಮ್’ ಕ್ರಮದಲ್ಲಿ, ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಗೃಹಿಣಿಯು ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಾಳೆ. ಪಾಲು ಮೊದಲೇ ತೆಗೆದದ್ದಾಗಿರುತ್ತದೆ, ಆದರೆ ಅಂದು ಒಲೆಯ ಮೇಲೆ ಏರುವ ಅಕ್ಕಿಯ ಅಳತೆಗೆ ತಕ್ಕಷ್ಟೇ ಇರುತ್ತದೆ. ಅಡುಗೆಯಿಲ್ಲದ ದಿನ ಹಿಡಿಯಕ್ಕಿಯೂ ಇಲ್ಲ.