ಆಮ್ಲಜನಕವನ್ನು ಕೆರಳಿಸುವ ಬಣ್ಣಗಳು

ಗಾಳಿಯ ಐದನೆಯ ಒಂದು ಪಾಲು ಆಮ್ಲಜನಕವೇ ಆಗಿದ್ದರೂ ಮರ, ಹತ್ತಿ, ಎಣ್ಣೆಗಳಂಥ ಸಾವಯವ ವಸ್ತುಗಳು ತಾವಾಗಿ ಹೊತ್ತಿ ಉರಿಯದಿರುವುದಕ್ಕೆ ಆ ಅಣುವಿನ ರಚನೆಯೇ ಮುಖ್ಯ ಕಾರಣ: ಅದರ ಜೋಡಿಯಿಲ್ಲದ ಎರಡು ಎಲೆಕ್ಟ್ರಾನ್‌ಗಳು ಒಂದೇ ಬಗೆಯ ಗಿರಕಿಯಲ್ಲಿರುವುದರಿಂದ, ಎಲೆಕ್ಟ್ರಾನ್‌ಗಳೆಲ್ಲ ಜೋಡಿಗೊಂಡಿರುವ ಸಾವಯವ ಅಣುಗಳೊಡನೆ ಅದು ಸುಲಭವಾಗಿ ಕೂಡಲಾರದು. ಈ ಬಿಗುಮಾನದಿಂದಾಗಿಯೇ ಉತ್ಕರ್ಷಣಕ್ಕೆ, ಎಂದರೆ ವಸ್ತುವೊಂದಕ್ಕೆ ಆಮ್ಲಜನಕವನ್ನು ಸೇರಿಸುವ ಇಲ್ಲವೆ ಅದರಿಂದ ಎಲೆಕ್ಟ್ರಾನ್ ಕಸಿಯುವ ಕ್ರಿಯೆಗೆ, ರಸಾಯನಶಾಸ್ತ್ರಜ್ಞರು ಪುಕ್ಕಟೆ ಗಾಳಿಯನ್ನು ಬಿಟ್ಟು ಡೈಕ್ರೋಮೇಟ್, ಪರ್ಮಾಂಗನೇಟ್‌ಗಳ ಮೊರೆಹೊಕ್ಕರು. ಮೊದಲನೆಯದರ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಎರಡನೆಯದು ಉಳಿಸಿಹೋಗುವುದು ಕಂದು ರಾಡಿ.

ಬೆಳಕನ್ನು ಹೀರಿ ಕ್ರಿಯೆಗೆ ಚಾಲನೆ ಕೊಟ್ಟು, ಕೊನೆಗೆ ತಮ್ಮ ಮೊದಲ ರೂಪಕ್ಕೇ ಮರಳುವ ದ್ಯುತಿವೇಗವರ್ಧಕಗಳು ಈ ತೊಡಕಿಗೆ ಬೇರೊಂದು ದಾರಿ ತೋರಿಸಿವೆ. ರುಥೇನಿಯಂ, ಇರಿಡಿಯಂಗಳಂಥ ದುಬಾರಿ ಲೋಹಗಳ ಬದಲು ಇಲ್ಲಿ ಬಳಕೆಗೆ ಬಂದಿರುವುದು ರೋಗನಿದಾನದ ಪ್ರಯೋಗಾಲಯಗಳಲ್ಲಿ ಅಂಗಾಂಶಕ್ಕೆ ಬಣ್ಣ ಕೊಡುವ ಇಯೋಸಿನ್, ಮೆಥಿಲೀನ್ ಬ್ಲೂ, ರೋಸ್ ಬೆಂಗಾಲ್‌ನಂಥ ಹತ್ತೊಂಬತ್ತನೆಯ ಶತಮಾನದ ಸಾವಯವ ಬಣ್ಣಗಳು. ರೋಸ್ ಬೆಂಗಾಲ್ ಹಸಿರು ಬೆಳಕನ್ನು ಹೀರಿ ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿದಾಗ, ಪ್ರತಿ ಮೋಲ್‌ಗೆ ಕೇವಲ 94 ಕಿಲೋಜೂಲ್ ಹೆಚ್ಚುವರಿ ಶಕ್ತಿಯ ‘ಸಿಂಗ್ಲೆಟ್ ಆಮ್ಲಜನಕ’ ಹುಟ್ಟುತ್ತದೆ. ಎಲೆಕ್ಟ್ರಾನ್‌ಗಳು ಜೋಡಿಗೊಂಡಿರುವ ಈ ಸ್ಥಿತಿಯಲ್ಲಿ ಹಳೆಯ ಬಿಗುಮಾನ ಉಳಿಯುವುದಿಲ್ಲ. ಹಾಲೊಡೆದ ನೀರಿಗೆ ಹಸಿರು-ಹಳದಿ ಛಾಯೆ ಕೊಡುವ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ಇನ್ನೊಂದು ಕ್ರಮವನ್ನೂ ಬಲ್ಲದು: ನೀಲಿ ಬೆಳಕಿನಲ್ಲಿ ಅದರ ಸಂಬಂಧಿ ಸಂಯುಕ್ತಗಳು ಬೆಂಜೈಲ್ ಆಲ್ಕೋಹಾಲ್‌ಗಳಿಂದ ಎಲೆಕ್ಟ್ರಾನ್ ಕಿತ್ತು ಅವನ್ನು ಆಲ್ಡಿಹೈಡ್‌ಗಳಾಗಿಸಿ, ಕಿತ್ತದ್ದನ್ನು ಆಮ್ಲಜನಕಕ್ಕೆ ಒಪ್ಪಿಸುತ್ತವೆ. ಬಿಸಿಲಿಗಿಟ್ಟ ಹಾಲಿನ ರುಚಿ ಕೆಡುವುದರ ಹಿಂದೆಯೂ ಇದೇ ಜೀವಸತ್ವದ ಕೈವಾಡವಿದೆ.

ಹೊಸತೆಂದು ಮೆರೆಯುವ ಈ ವಿದ್ಯೆಗೆ ಅಜ್ಜನ ವಯಸ್ಸು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲೇ ಜರ್ಮನಿಯ ಗುಂಟರ್ ಶೆಂಕ್ ಎಲೆಯ ಕ್ಲೋರೋಫಿಲ್, ಬಿಸಿಲು ಮತ್ತು ಗಾಳಿಯ ನೆರವಿನಿಂದ ಟರ್ಪಿನೀನ್ ಅನ್ನು ಅಸ್ಕರಿಡೋಲ್ ಎಂಬ ಜಂತುಹುಳುವಿನ ಮದ್ದಾಗಿ ಮಾರ್ಪಡಿಸಿದ್ದರು. 2012ರಲ್ಲಿ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪೀಟರ್ ಸೀಬರ್ಗರ್ ಮತ್ತು ಸಂಗಡಿಗರು ಮಲೇರಿಯಾ ಔಷಧವಾದ ಆರ್ಟೆಮಿಸಿನಿನ್‌ಅನ್ನು ಸಿಂಗ್ಲೆಟ್ ಆಮ್ಲಜನಕದಿಂದಲೇ, ಆದರೆ ದೀಪಕ್ಕೆ ಸುತ್ತಿದ ಸಪೂರ ಕೊಳವೆಯಲ್ಲಿ ದ್ರಾವಣ ಹರಿಸುತ್ತ, ತಯಾರಿಸಿ ತೋರಿಸಿದರು. ಕೊಳವೆ ಸಪೂರವಾಗಿರಲೇಬೇಕು, ಗಾಢ ಬಣ್ಣದ ದ್ರಾವಣದೊಳಕ್ಕೆ ಬೆಳಕು ಕೆಲವು ಮಿಲಿಮೀಟರ್‌ಗಿಂತ ಆಳಕ್ಕೆ ಇಳಿಯದ ಕಾರಣ, ದೊಡ್ಡ ಹಂಡೆಯ ನಡುಭಾಗ ಕತ್ತಲಲ್ಲೇ ಉಳಿಯುತ್ತದೆ.

ಇಷ್ಟರಿಂದ ಈ ವಿಧಾನಕ್ಕೆ ‘ಹಸಿರು’ ಎಂಬ ಬಿರುದು ತಾನಾಗಿ ಸಲ್ಲುವುದಿಲ್ಲ. ಆಮ್ಲಜನಕವನ್ನು ಕೆರಳಿಸುವ ಬಣ್ಣ ಅದೇ ಆಮ್ಲಜನಕಕ್ಕೆ ಸಿಕ್ಕಿ ಮಾಸಿಹೋಗುವುದುಂಟು, ಉರಿಯುವ ದ್ರಾವಕದ ಆವಿಯೊಡನೆ ಶುದ್ಧ ಆಮ್ಲಜನಕ ಬೆರೆತರೆ ಸ್ಫೋಟದ ಭಯವುಂಟು. ಎಲ್ಲಕ್ಕಿಂತ ವಿಚಿತ್ರವೆಂದರೆ, ಸಿಂಗ್ಲೆಟ್ ಆಮ್ಲಜನಕ ನಿರಪಾಯಕಾರಿಯಾದ ನೀರಿನಲ್ಲಿ ಕೆಲವೇ ಮೈಕ್ರೋಸೆಕೆಂಡ್ ಬಾಳಿದರೆ, ಪರಿಸರಪ್ರಿಯರು ದೂರವಿಡಬಯಸುವ ಕ್ಲೋರಿನ್‌ಯುಕ್ತ ದ್ರಾವಕಗಳಲ್ಲಿ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕಾಲ ಬಾಳುತ್ತದೆ.